ಕ್ಲಬ್ ಫೂಟ್ ಮಕ್ಕಳ ಬಾರ್ ಶೂ: ನಾವು ಬಳಸಿ ನೋಡಿದ್ದು

ದಾವಣಗೆರೆಯ ಪಿ.ಜೆ. ಬಡಾವಣೆ ಕಡೆ ಒಂದು ಅಂಗಡಿಯಲ್ಲಿ ಮಗಳಿಗೆ ಈ ಶೂ ತಂದೆವು. ಎರಡು ಪುಟ್ಟ ಚರ್ಮದ ಶೂ, ನಡುವೆ ಒಂದು ಲೋಹದ ಪಟ್ಟಿ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿರುವ (ಅದೇ ಕ್ಲಬ್ ಫೂಟ್) ಮಕ್ಕಳಿಗೆ ಹಾಕೋದು.

ಅವಳನ್ನು ನಾವು ದತ್ತು ತಗೊಂಡಿದ್ದು. ಕಾರಾ (ಕೇಂದ್ರ ಸರ್ಕಾರದ ದತ್ತು ಸಂಸ್ಥೆ) ಪೋರ್ಟಲ್‌ನ ವಿಶೇಷ ಅಗತ್ಯದ ಮಕ್ಕಳ ಪಟ್ಟಿಯಲ್ಲಿ ವೈದ್ಯಕೀಯ ವರದಿ ನೋಡಿ ಮನೆಯವರೆಲ್ಲ ಗಾಬರಿಯಾದರು. ಮೂಳೆ ಡಾಕ್ಟರ್ ಮಾತ್ರ ಆರಾಮಾಗಿದ್ದರು. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತರುತ್ತಾರೆ. ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಬಿಗಿಯಿದ್ದರೆ ಸಣ್ಣದಾಗಿ ಕೊಯ್ಯುತ್ತಾರೆ. ಪೊನ್ಸೆಟಿ ವಿಧಾನ ಅಂತ ಹೆಸರು. ಅಷ್ಟಕ್ಕೆ ಪಾದ ನೆಟ್ಟಗಾಗುತ್ತದೆ. ಮತ್ತೆ ತಿರುಗದ ಹಾಗೆ ಕಾಯೋದು ಈ ಶೂ. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4-5 ವರ್ಷ ವಯಸ್ಸಿನ ತನಕ ಮಲಗುವಾಗ.

ಕಷ್ಟ ಇರೋದು ಆ 23 ಗಂಟೆಯಲ್ಲಿ. ಮಗು ಮನೆಗೆ ಬಂದು ಎರಡು-ಮೂರು ತಿಂಗಳಾಗಿತ್ತು ಅಷ್ಟೆ. ರಾತ್ರಿ ಅತ್ತರೆ ಶೂಗೆ ಅಳುತ್ತಿದ್ದಾಳೋ, ಹೊಸ ಮನೆಗೆ ಅಳುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಎತ್ತಿ ಅಪ್ಪಿಕೊಂಡರೆ ಪಟ್ಟಿ ನಮ್ಮ ಹೊಟ್ಟೆಗೆ ಒತ್ತುತ್ತಿತ್ತು. ಪಕ್ಕಕ್ಕೆ ತಿರುಗಿಸಿ ಸೊಂಟದ ಮೇಲೆ ಕೂರಿಸಿಕೊಳ್ಳೋದನ್ನು ನನ್ನ ಹೆಂಡತಿ ಕಂಡುಕೊಂಡಳು. ಎರಡೂ ಕಾಲು ಒಟ್ಟಿಗೆ ಒದೆಯೋದನ್ನು ಮಗಳೇ ಕಲಿತಳು. ಈಗ ಗೋಡೆಗೆ ಬಡಿದು ನಮ್ಮನ್ನು ಎಬ್ಬಿಸುತ್ತಾಳೆ!

ಶೂ ಚೆನ್ನಾಗಿದೆ. ಹಿಮ್ಮಡಿ ಹತ್ತಿರ ಒಂದು ತೂತಿದೆ, ಹಿಮ್ಮಡಿ ಪೂರ್ತಿ ಕೆಳಗೆ ಕೂತಿದೆಯಾ ಅಂತ ಅಲ್ಲಿ ನೋಡಬಹುದು. ಅದಿಲ್ಲದ ಶೂ ತಗೋಬೇಡಿ. ಪಟ್ಟಿಯ ಉದ್ದ ಮಗುವಿನ ಭುಜದ ಅಗಲಕ್ಕೆ ಸರಿಯಾಗಿರಬೇಕು, ಅದನ್ನು ಡಾಕ್ಟರ್ ಹತ್ತಿರವೇ ಹೊಂದಿಸಿಕೊಳ್ಳಿ. ಒಳಗೆ ಹತ್ತಿ ಸಾಕ್ಸ್ ಇರಲಿ. ನಮ್ಮ ಏಪ್ರಿಲ್ ಬಿಸಿಲಿಗೆ ನೈಲಾನ್ ಹಾಕಿದರೆ ಬೊಬ್ಬೆ ಬರೋದು ಗ್ಯಾರಂಟಿ.

ಬಕಲ್ ಮಾತ್ರ ಕಳಪೆ. ಬೆವರಿಗೆ ಬೇಗ ತುಕ್ಕು ಹಿಡಿಯಿತು. ಮುಂದಿನ ಸೈಜ್ ಕೂಡ ಅಂಗಡಿಯಲ್ಲಿ ಇರಲಿಲ್ಲ, ತರಿಸಿ ಕೊಡೋಕೆ ಸಿಕ್ಕಾಪಟ್ಟೆ ಕಾಯಿಸಿದರು. ಕೌಂಟರಿನವರು ಬೇರೆ, "ಇದು ಯಾರ ಕಡೆಯಿಂದ ಬಂದಿದ್ದು, ತಾಯಿ ಕಡೆಯಿಂದಾನಾ?" ಅಂತ ಕೇಳಿದರು. ಆಸ್ಪತ್ರೆ ಫಾರಂನಲ್ಲೂ ಇದೇ ಪ್ರಶ್ನೆ, ಅಲ್ಲಿ ಖಾಲಿ ಬಿಡುತ್ತೇವೆ. ಇಲ್ಲಿ ನಮ್ಮವ್ವ, "ನೀವು ಬೆಲ್ಟ್ ತೋರಿಸ್ರಿ" ಅಂದರು.

ಶೂಗೆ ಐದಕ್ಕೆ ನಾಲ್ಕು, ಅಂಗಡಿಗೆ ಎರಡು. ಕಾಲು ಬೆಳೆಯೋದು ಬೇಗ, ಬೆರಳು ಅಂಚಿಗೆ ಬರೋ ಮೊದಲೇ ಮುಂದಿನ ಜೋಡಿಗೆ ಹೇಳಿಡಿ.