ಅಷ್ಟಮಿ ತಿಂಡಿ ಬಾಕ್ಸ್: ಚಕ್ಕುಲಿಗೆ ಪೂರ್ತಿ ಅಂಕ, ಲಾಡು ಬೇಡ

ಕೃಷ್ಣಾಷ್ಟಮಿಗೆ ಈ ಸಲ ತಿಂಡಿ ಹೊರಗಿಂದ ತರಿಸಿದೆವು. ಅಮ್ಮನಿಗೆ ಮಂಡಿನೋವು, ಗಂಟೆಗಟ್ಟಲೆ ಬಾಣಲೆ ಮುಂದೆ ನಿಲ್ಲೋಕೆ ಆಗುವುದಿಲ್ಲ. ಬಸವನಗುಡಿ ಕಡೆ ಒಂದು ಸಣ್ಣ ಕಾಂಡಿಮೆಂಟ್ಸ್ ಅಂಗಡಿಯವರು ಹಬ್ಬಕ್ಕೆ ಅಂತಲೇ ಬಾಕ್ಸ್ ಮಾಡಿಕೊಡುತ್ತಾರೆ. ಚಕ್ಕುಲಿ, ಕೋಡುಬಳೆ, ತೇಂಗೊಳಲು, ನಿಪ್ಪಟ್ಟು, ರವೆ ಉಂಡೆ, ಕಡಲೆಹಿಟ್ಟಿನ ಲಾಡು, ಜೊತೆಗೆ ಒಂದು ಪೊಟ್ಟಣ ಅವಲಕ್ಕಿ. ಕಾಫಿ ಜೊತೆ ತಿನ್ನೋಕೆ ಕೊಳ್ಳುವ ಕುರುಕಲಿನ ಲೆಕ್ಕ ಇದಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹಬ್ಬದ ದಿನ ಉಪವಾಸ. ದೇವರಿಗೆ ಇಡುವ ಮುಂಚೆ ರುಚಿ ನೋಡುವ ಹಾಗಿಲ್ಲ. ಪೂಜೆ ನಡುರಾತ್ರಿ, ಚಂದ್ರೋದಯದ ಹೊತ್ತಿಗೆ ಕೃಷ್ಣನಿಗೂ ಚಂದ್ರನಿಗೂ ಅರ್ಘ್ಯ ಕೊಟ್ಟು ನೈವೇದ್ಯ ಮಾಡಿದರೂ ನಮ್ಮ ಮನೆಯಲ್ಲಿ ತಿನ್ನುವುದು ಮರುದಿನ ಬೆಳಗ್ಗೆ ಪಾರಣೆ ಆದ ಮೇಲೆಯೇ. ಅಂದರೆ ಮುಂಚಿನ ದಿನ ಕರಿದದ್ದು ಶ್ರಾವಣದ ಈ ಥಂಡಿ ಗಾಳಿಯಲ್ಲೂ ಗರಿಗರಿಯಾಗಿ ಉಳಿಯಬೇಕು. ಚಕ್ಕುಲಿ ಉಳಿದಿತ್ತು! ಮುರಿದರೆ ಟಕ್ ಅಂತ ಸದ್ದು, ಒಳಗೆ ಸಣ್ಣ ಸಣ್ಣ ತೂತು, ಕೈಗೆ ಎಣ್ಣೆ ಅಂಟಲಿಲ್ಲ. ಹಿಟ್ಟಿಗೆ ಬೆಣ್ಣೆ ಹದವಾಗಿ ಹಾಕಿದ್ದಾರೆ. ಜಾಸ್ತಿ ಆದರೆ ಎಣ್ಣೆಗೆ ಬಿಟ್ಟ ಕೂಡಲೇ ಸುತ್ತು ಬಿಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಕಲ್ಲಿನ ಥರ ಗಟ್ಟಿ, ಇದು ಮನೆಯಲ್ಲಿ ಮಾಡಿದವರಿಗೆಲ್ಲ ಗೊತ್ತು. ಕೋಡುಬಳೆಯೂ ಚೆನ್ನಾಗಿತ್ತು, ಖಾರ ಮುಂದಿತ್ತು. ತೇಂಗೊಳಲು ಪರವಾಗಿಲ್ಲ.

ನಿಪ್ಪಟ್ಟು ಮಾತ್ರ ಮೆತ್ತಗಾಗಿತ್ತು. ಕಾರಣ ಪ್ಯಾಕಿಂಗ್. ಉಂಡೆಯನ್ನೂ ನಿಪ್ಪಟ್ಟನ್ನೂ ಒಂದೇ ಖಾನೆಯಲ್ಲಿ ಒತ್ತಿ ತುಂಬಿದ್ದಾರೆ, ಉಂಡೆಯ ಪಸೆಯೆಲ್ಲ ನಿಪ್ಪಟ್ಟು ಎಳೆದುಕೊಂಡಿದೆ. ಸಿಹಿ ಬೇರೆ, ಖಾರ ಬೇರೆ ಕಟ್ಟಿಕೊಡಿ ಅಂತ ಮೊದಲೇ ಹೇಳಿಬಿಡಿ. ಅಂಗಡಿಗಳಲ್ಲಿ ನಿಪ್ಪಟ್ಟಿಗೆ ಈರುಳ್ಳಿ ಸೇರಿಸುವುದೂ ಉಂಟು, ನೈವೇದ್ಯಕ್ಕೆ ಅದು ಆಗುವುದಿಲ್ಲವಲ್ಲ, ಕೇಳಿಯೇ ತಗೊಳ್ಳಿ. ಇವರು ಹಬ್ಬದ ಸರಕಿಗೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸುವುದಿಲ್ಲ ಅಂದರು, ತಿಂದಾಗಲೂ ಸಿಗಲಿಲ್ಲ.

ಬೇಜಾರಾಗಿದ್ದು ಲಾಡು ನೋಡಿ. ತುಪ್ಪದ್ದು ಅಂತ ಹೇಳಿ ಕೊಟ್ಟಿದ್ದರು, ಬಾಯಿಗೆ ಹಾಕಿದರೆ ಡಾಲ್ಡಾ ಅಂಗುಳಕ್ಕೆ ಅಂಟಿಕೊಂಡಿತು. ಬೆಣ್ಣೆ ಕದ್ದು ತಿಂದ ದೇವರ ಹುಟ್ಟುಹಬ್ಬಕ್ಕೆ ಡಾಲ್ಡಾ ಉಂಡೆ ಇಡುವುದಾ? ನನಗಂತೂ ಮನಸ್ಸಿಗೆ ಹಿಡಿಸಲಿಲ್ಲ. ಬೆಲೆ ನಾಲ್ಕು ಕಾಸು ಜಾಸ್ತಿ ಮಾಡಲಿ, ತುಪ್ಪ ಹಾಕಲಿ. ಕೆಲವು ಮನೆಗಳಲ್ಲಿ ಹೆರಿಗೆಯಾದ ದೇವಕಿಗೆ ಅಂತ ಒಣಶುಂಠಿ ಬೆಲ್ಲ ಸೇರಿಸಿ ಇಡುತ್ತಾರಲ್ಲ, ಅದನ್ನೂ ಒಂದು ಪುಟ್ಟ ಪೊಟ್ಟಣ ಹಾಕಿದರೆ ಎಷ್ಟು ಚೆನ್ನ ಅನ್ನಿಸಿತು.

ಇನ್ನು ಇವರ ಒಂದು ಒಳ್ಳೆಯ ಗುಣ ಹೇಳಲೇಬೇಕು. ಆರ್ಡರ್ ಕೊಡುವಾಗ 'ನಿಮ್ಮ ಮನೆಯಲ್ಲಿ ಯಾವತ್ತು ಹಬ್ಬ?' ಅಂತ ಕೇಳುತ್ತಾರೆ. ಕ್ಯಾಲೆಂಡರ್‌ನಲ್ಲಿ ಕೆಂಪು ಅಕ್ಷರದಲ್ಲಿ ಇರುವ ದಿನಕ್ಕೇ ಎಲ್ಲರಿಗೂ ಅಷ್ಟಮಿ ಅಲ್ಲ ಅಲ್ವಾ? ಕೆಲವರಿಗೆ ತಿಥಿ ಮುಖ್ಯ, ಕೆಲವರಿಗೆ ರೋಹಿಣಿ ನಕ್ಷತ್ರ ಕೂಡಬೇಕು. 2025ರಲ್ಲಿ ಬಹಳ ಮನೆಗಳಲ್ಲಿ ಆಗಸ್ಟ್ ಮಧ್ಯದಲ್ಲೇ ಹಬ್ಬ ಮುಗಿದಿತ್ತು. ಸೌರಮಾನ, ಅಂದರೆ ಸೂರ್ಯನ ಚಲನೆಯ ಮೇಲಿನ ತಿಂಗಳ ಲೆಕ್ಕ, ಹಿಡಿಯುವ ಉಡುಪಿಯಲ್ಲಿ ಅಷ್ಟಮಿ ಬಂದದ್ದು ಸೆಪ್ಟೆಂಬರ್ 14ಕ್ಕೆ, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರು ಕುಡಿಕೆ ಒಡೆಯುವ ಉತ್ಸವ. ಸುಮ್ನೆ ಒಂದೇ ದಿನ ಎಲ್ಲ ಕರಿದು ರಾಶಿ ಹಾಕುವ ಅಂಗಡಿಯಿಂದ ತಂದರೆ ತಡವಾಗಿ ಹಬ್ಬ ಮಾಡುವವರಿಗೆ ಹಳಸಲೇ ಗತಿ. ಇವರು ನಾವು ಹೇಳಿದ ದಿನ ನೋಡಿಕೊಂಡು ಅದರ ಮುಂಚಿನ ದಿನ ಕರಿದು ಕೊಡುತ್ತಾರೆ. ನನಗೆ ಕೊಟ್ಟಾಗ ಚಕ್ಕುಲಿ ಡಬ್ಬ ಇನ್ನೂ ಬೆಚ್ಚಗಿತ್ತು, ಮನೆಗೆ ತಂದ ಮೇಲೆ ಮುಚ್ಚಳ ತೆಗೆದು ಆರೋಕೆ ಬಿಟ್ಟೆವು. ಬಿಸಿಯಲ್ಲೇ ಮುಚ್ಚಿಟ್ಟರೆ ಹಬೆ ಕೂತು ಮೆತ್ತಗಾಗುತ್ತದೆ, ಇದನ್ನು ಮರೆಯಬೇಡಿ.

ಮುಂದಿನ ವರ್ಷ ಇಡೀ ಬಾಕ್ಸ್ ತಗೊಳ್ಳುವುದಿಲ್ಲ. ಚಕ್ಕುಲಿ, ಕೋಡುಬಳೆ ಬಿಡಿಯಾಗಿ ಇವರ ಹತ್ತಿರವೇ ತರುತ್ತೇವೆ, ಬಿಡಿಯಾಗಿಯೂ ಕೊಡುತ್ತಾರೆ. ಲಾಡು ಮನೆಯಲ್ಲೇ ಕಟ್ಟುತ್ತೇವೆ, ಕೂತು ಕಟ್ಟುವ ಕೆಲಸ ಅಮ್ಮನಿಗೂ ಆಗುತ್ತದೆ.