ಕ್ಲಚ್ ಪೆಡಲ್ ಬಿಟ್ಟರೆ ಎಗರುತ್ತಿದ್ದ ಮಿನಿ ಟ್ರ್ಯಾಕ್ಟರ್: ಒಂಬತ್ತು ವರ್ಷ ಬಳಸಿದವನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಇಳಿಜಾರಿನ ಅಡಿಕೆ ತೋಟ. 2016ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಹಟ್ಟಿಗೊಬ್ಬರ, ಸೊಪ್ಪು, ಅಡಿಕೆ ಗೊನೆ ಎಲ್ಲ ಹೊರುವುದು ಅದೇ. ಒಂಬತ್ತು ಅಡಿ ಅಂತರದ ಸಾಲಿನೊಳಗೆ ದೊಡ್ಡ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟ, ಇದು ಸಲೀಸಾಗಿ ಹೋಗುತ್ತದೆ. ಎಂಜಿನ್ ಬಗ್ಗೆ ಒಂದು ದೂರೂ ಇಲ್ಲ. ಆಯಿಲ್, ಫಿಲ್ಟರ್ ಬಿಟ್ಟರೆ ಅದಕ್ಕೆ ಕೈ ಹಾಕಿದ್ದೇ ಇಲ್ಲ.

ನನ್ನನ್ನು ಸತಾಯಿಸಿದ್ದು ಕ್ಲಚ್. 2023ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯ ಹೊತ್ತು) ಶುರುವಾಯಿತು. ಪೆಡಲ್ ಎಷ್ಟು ನಿಧಾನ ಬಿಟ್ಟರೂ ಅರ್ಧ ದಾರಿಯವರೆಗೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ಹಿಡಿದು ಗಾಡಿ ಎಗರುತ್ತಿತ್ತು. ಸಮತಟ್ಟಿನಲ್ಲಾದರೆ ಹೇಗೋ ಸುಧಾರಿಸಬಹುದು. ಟ್ರಾಲಿ ಕಟ್ಟಿಕೊಂಡು ಇಳಿಜಾರಿನಲ್ಲಿ ರಿವರ್ಸ್ ಹೋಗುವಾಗ ಹಾಗಲ್ಲ. ಒಂದು ದಿನ ಟ್ರಾಲಿ ಮೂಲೆ ಬಡಿದು ಫಸಲು ಬರುವ ಮರದ ಬುಡ ಸಿಗಿದು ಹೋಯಿತು. ಹಿಂದೆ ನಿಂತು ದಾರಿ ತೋರಿಸುತ್ತಿದ್ದವರು ಗೇಣು ಅಂತರದಲ್ಲಿ ತಪ್ಪಿಸಿಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೆಕ್ಯಾನಿಕ್ ಬಂದು ಒಮ್ಮೆ ಓಡಿಸಿ ನೋಡಿದರು, "ಪ್ಲೇಟ್ ಹೋಗಿದೆ" ಅಂದರು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಮಾಡಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಹೊಸದು ಹಾಕಿದರು. ಕೂಲಿ ಸೇರಿ 14,500 ರೂಪಾಯಿ. ಬೇಸಿಗೆಯಿಡೀ ಗಾಡಿ ಚೆನ್ನಾಗಿ ಓಡಿತು. 2024ರ ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಮತ್ತೆ ಅದೇ ಎಗರಾಟ.

ಆಗ, ಮೆಕ್ಯಾನಿಕ್ ಬಿಚ್ಚಿ ಹಾಕಿದ್ದ ಹಳೆ ಪ್ಲೇಟನ್ನು ಕೈಗೆತ್ತಿಕೊಂಡು ಸರಿಯಾಗಿ ನೋಡಿದೆ. ಲೈನಿಂಗ್ ರಿವೆಟ್‌ಗಿಂತ ಎಷ್ಟೋ ಮೇಲಿತ್ತು, ಅಂದರೆ ಪ್ಲೇಟ್ ಹೆಚ್ಚು ಸವೆದಿರಲಿಲ್ಲ. ಎಣ್ಣೆಯ ಕಲೆ ಇಲ್ಲ, ಸ್ಪ್ರಿಂಗ್ ಒಂದೂ ಮುರಿದಿಲ್ಲ, ಕನ್ನಡಿಯ ಹಾಗೆ ಹೊಳಪು ಬಂದದ್ದೂ ಇಲ್ಲ. ಸುಮ್ನೆ ಬಿಚ್ಚಿಸಿದೆನಲ್ಲಾ ಅಂತ ಹೊಟ್ಟೆ ಉರಿಯಿತು.

ಪಕ್ಕದ ಮನೆಯ ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಮೊದಲ ಸಲ ಮಾತ್ರವಾ, ದಿನವಿಡೀನಾ?" ನಮ್ಮ ಕಡೆ ಮಳೆಗಾಲದಲ್ಲಿ ನಾಲ್ಕು ದಿನ ನಿಂತ ಗಾಡಿಯ ಫ್ಲೈವೀಲ್‌ಗೆ, ಅಂದರೆ ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ ಎಂಜಿನ್ನಿನ ಚಕ್ರಕ್ಕೆ, ತುಕ್ಕು ಹಿಡಿಯುತ್ತದೆ. ಅದಾದರೆ ನಾಲ್ಕೈದು ಸಲ ಬಿಟ್ಟು ಹಿಡಿದ ಮೇಲೆ ಸರಿಯಾಗಬೇಕು. ನನ್ನದು ದಿನವಿಡೀ ಒಂದೇ ತರಹ. ಇನ್ನು ಎಣ್ಣೆ ಸೋರುತ್ತಿದೆಯಾ? ಕ್ಲಚ್ ಹೌಸಿಂಗ್‌ನ (ಕ್ಲಚ್ ಕೂತಿರುವ ಕವಚದ) ಅಡಿಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಒಂದು ಪಿನ್ ಇರುತ್ತದೆ. ಪಿನ್ ತೆಗೆದು ಬೆರಳಿಟ್ಟು ನೋಡಿದೆವು. ಒಣ ಧೂಳು ಮಾತ್ರ. ಅಲ್ಲಿ ಕಪ್ಪು ಎಣ್ಣೆ ಇದ್ದರೆ ಎಂಜಿನ್ ಹಿಂದಿನ ಸೀಲ್ ಹೋಗಿದೆ ಅಂತ, ಗಂಧಕದ ವಾಸನೆಯ ದಪ್ಪ ಎಣ್ಣೆ ಇದ್ದರೆ ಗೇರ್‌ಬಾಕ್ಸ್ ಕಡೆಯ ಸೀಲ್ ನೋಡಬೇಕು.

ಆಮೇಲೆ ಮಾವ ಎಂಜಿನ್ ಆಫ್ ಮಾಡಿಸಿದರು. ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಕೂತು ಪೆಡಲನ್ನು ಕೈಯಲ್ಲೇ ಒತ್ತಿ ಮೆಲ್ಲನೆ ಬಿಟ್ಟರು. ಅರ್ಧ ಬಂದು ನಿಂತಿತು. ಎರಡು ಕ್ಷಣ ಅಲ್ಲೇ. ಮತ್ತೆ "ಟಕ್" ಅಂತ ಮೇಲೆ ಹಾರಿತು. "ನೋಡು ಮಾರಾಯ, ಪೆಡಲೇ ಎಗರುತ್ತಿದೆ. ಗಾಡಿ ಎಗರದೆ ಏನು ಮಾಡುತ್ತದೆ?"

ಪೆಡಲಿನಿಂದ ಹೌಸಿಂಗ್ ಒಳಗೆ ಹೋಗುವ ಅಡ್ಡ ಶಾಫ್ಟ್ ತುಕ್ಕು ಹಿಡಿದು ಬುಶ್‌ನಲ್ಲಿ, ಅಂದರೆ ಅದು ತಿರುಗುವ ಬಳೆಯಲ್ಲಿ, ಸಿಕ್ಕಿಕೊಂಡಿತ್ತು. ಅದಕ್ಕೊಂದು ಗ್ರೀಸ್ ನಿಪ್ಪಲ್ (ಗ್ರೀಸ್ ಹೊಡೆಯುವ ಸಣ್ಣ ಮೂತಿ) ಉಂಟು, ಕಾಲಿಡುವ ತಗಡಿನ ಅಡಿಯಲ್ಲಿ. ಎಷ್ಟೋ ವರ್ಷದ ಕೆಸರು, ಸೆಗಣಿ ಮೆತ್ತಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಮೆಕ್ಯಾನಿಕ್ ಪ್ಲೇಟ್ ಬದಲಿಸಿ ಜೋಡಿಸುವಾಗ ಶಾಫ್ಟಿಗೆ ಸ್ವಲ್ಪ ಎಣ್ಣೆ ಬಿದ್ದಿರಬೇಕು, ಅದಕ್ಕೇ ಬೇಸಿಗೆಯಲ್ಲಿ ಸರಿಯಾಗಿ ಓಡಿತು ಅಂತ ಈಗ ಅನ್ನಿಸುತ್ತದೆ.

ನನ್ನ ಗಾಡಿಯಲ್ಲಿ ಆ ಶಾಫ್ಟನ್ನು ಎಂಜಿನ್ ಬೇರೆ ಮಾಡದೆ ಹೊರಗೆ ಎಳೆಯಬಹುದು. ಎಮರಿ ಪೇಪರಿನಲ್ಲಿ ಉಜ್ಜಿದೆವು. ಲೇತ್‌ನಲ್ಲಿ ಎರಡು ಹೊಸ ಬುಶ್ ಕಡೆಸಿದೆ. ಗ್ರೀಸ್ ಹದವಾಗಿ ಹೊಡೆದೆವು, ಜಾಸ್ತಿಯಾದರೆ ಒಳಗೆ ಪ್ಲೇಟಿಗೆ ಸಿಡಿಯಬಹುದು. ಪೆಡಲಿನ ಸಡಿಲ ಆಟ (ಕ್ಲಚ್ ಬಿಡಲು ಶುರುವಾಗುವ ಮೊದಲು ಪೆಡಲ್ ಸುಮ್ಮನೆ ಚಲಿಸುವ ದೂರ) ಪುಸ್ತಕದಲ್ಲಿ ಹೇಳಿದಂತೆ 20ರಿಂದ 30 ಮಿ.ಮೀ. ಒಳಗೆ ಇಟ್ಟೆವು. ಎಲ್ಲ ಸೇರಿ ಖರ್ಚು 900 ರೂಪಾಯಿ.

2025ರ ಮಳೆಗಾಲ ಪೂರ್ತಿ ಓಡಿಸಿದೆ. ಒಮ್ಮೆಯೂ ಎಗರಲಿಲ್ಲ. ಹಳೆ ಮಿನಿ ಟ್ರ್ಯಾಕ್ಟರ್ ಇರುವವರು ದಯವಿಟ್ಟು ಬಿಚ್ಚಿಸುವ ಮೊದಲು ಪೆಡಲನ್ನು ಕೈಯಲ್ಲಿ ಒಮ್ಮೆ ಬಿಟ್ಟು ನೋಡಿ. ನಾನು ಕೊಟ್ಟಿಗೆಯ ಪಡುವಣ ಬದಿಗೆ ಇರಚಲು ಹೊಡೆಯದ ಹಾಗೆ ತಗಡು ಹಾಕಿಸಿದ್ದೇನೆ. ಆ ನಿಪ್ಪಲ್ ಸುತ್ತ ಕೆಂಪು ಪೈಂಟ್ ಬಳಿದಿದ್ದೇನೆ, ಗಾಡಿ ತೊಳೆದಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ.