ಹಾಡು ನನ್ನದು, ಪುಟ ಇನ್ನೊಬ್ಬರದು: ದುಡ್ಡು ಕೊಡುವ ಮೊದಲು ಇದನ್ನು ಓದಿ

ಸ್ವಂತ ಖರ್ಚಿನಲ್ಲಿ ಹಾಡು ರೆಕಾರ್ಡ್ ಮಾಡಿಸುವವರು ದಯವಿಟ್ಟು ಓದಿ. ಎರಡು ವಾರದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಹಾಡುಗಳನ್ನು ಆ್ಯಪ್‌ಗಳಿಗೆ ಹಾಕಿಸಿಕೊಡುತ್ತೇವೆ ಎಂದು ಹಣ ಪಡೆದು, ನನ್ನ ಹಾಡನ್ನು ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ಸೇರಿಸಿದ ಏಜೆಂಟರ ಹೆಸರು ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಒಳ್ಳೆಯವರು ಎಂದಾಗುತ್ತದೆ.

ಎರಡು ವಚನಗಳಿಗೆ ನಾನೇ ರಾಗ ಹಾಕಿದ್ದೆ. ತಬಲಾ, ಕೊಳಲು, ಸ್ಟುಡಿಯೊ ಬಾಡಿಗೆ ಎಲ್ಲ ಸೇರಿ 38,000 ರೂಪಾಯಿ ಆಗಿತ್ತು. ಹಾಡು ಕೇಳುವ ಆ್ಯಪ್‌ಗಳಾದ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ನವರು ನಮ್ಮಂಥವರಿಂದ ನೇರವಾಗಿ ಹಾಡು ತೆಗೆದುಕೊಳ್ಳುವುದಿಲ್ಲ, ಹಾಡನ್ನು ಅವರಿಗೆ ತಲುಪಿಸುವ ವಿತರಕ ಕಂಪನಿಗಳ ಮೂಲಕವೇ ಹೋಗಬೇಕು. 2021ರಲ್ಲಿ ಅಣ್ಣನ ಮಗ ನನ್ನ ನಾಲ್ಕು ಭಾವಗೀತೆಗಳನ್ನು ಹಾಕಿಕೊಟ್ಟು, ನನ್ನ ಹೆಸರಿನ ಪುಟವನ್ನೂ ನನ್ನ ಸುಪರ್ದಿಗೆ ಮಾಡಿಸಿಕೊಟ್ಟಿದ್ದ. ಈಗ ಅವನು ದೂರದ ಊರಿನಲ್ಲಿದ್ದಾನೆ, ಪದೇ ಪದೇ ತೊಂದರೆ ಕೊಡಲು ಮನಸ್ಸಾಗಲಿಲ್ಲ. ಹಾಗಾಗಿ ಈ ಏಜೆಂಟರನ್ನು ಹಿಡಿದೆ. 6,500 ರೂಪಾಯಿ. 'ಎಲ್ಲ ಸ್ಟೋರ್‌ಗಳಲ್ಲೂ ನಿಮ್ಮ ಪ್ರೊಫೈಲ್‌ಗೇ ಜೋಡಿಸಿಕೊಡುತ್ತೇವೆ ಅಕ್ಕಾ' ಎಂದು ಬಾಯಿತುಂಬ ಹೇಳಿದರು. ಸ್ಟೋರ್ ಎಂದರೆ ಈ ಆ್ಯಪ್‌ಗಳೇ.

ನನ್ನ ಹೆಸರು ದೇಶದ ತುಂಬ ಇರುವ ಹೆಸರು. ಅದಕ್ಕೇ ಹೆದರಿ, ಹಳೆಯ ಪುಟದ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, 'ಇದೇ ನನ್ನ ಪುಟ, ಬೇರೆಯದಕ್ಕೆ ಹೋಗಬಾರದು' ಎಂದು ಬರೆದಿದ್ದೆ. ಕೈ ಮುಗಿದ ಚಿತ್ರದ ಜೊತೆಗೆ 'ಓಕೆ ಅಕ್ಕಾ' ಎಂದು ಉತ್ತರವೂ ಬಂತು.

ಬಿಡುಗಡೆಗೆ ಒಂದು ವಾರ ಇರುವಾಗ ಕಲಾವಿದರು ತಮ್ಮ ಪುಟವನ್ನು ನೋಡಿಕೊಳ್ಳುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ತೆರೆದು ನೋಡಿದೆ. ಮುಂದೆ ಬರಲಿರುವ ಹಾಡುಗಳ ಪಟ್ಟಿ ಖಾಲಿ. ಕೇಳಿದರೆ 'ಬಿಡುಗಡೆಯ ದಿನ ತಾನಾಗಿ ಬರುತ್ತದೆ' ಎಂದರು. ನಂಬಿದೆ. ಅಲ್ಲಿಯೇ ಎಚ್ಚರಗೊಳ್ಳಬೇಕಿತ್ತು.

ಶುಕ್ರವಾರ ಸಂಜೆ ಮನೆಯಲ್ಲಿ ಅತ್ತೆಯವರು, ನಾದಿನಿ, ಅವಳ ಮಗ, ನನ್ನ ಬಳಿ ಹಾಡು ಕಲಿಯುವ ಏಳೆಂಟು ಮಕ್ಕಳು ಸೇರಿದ್ದರು. ಕೇಸರಿಬಾತ್ ಮಾಡಿದ್ದೆ. ಹಾಡು ಶುರುವಾಯಿತು. ತಂಬೂರಿಯ ಶ್ರುತಿಗೆ ಅತ್ತೆಯವರು ಕಣ್ಣು ಮುಚ್ಚಿ ಕುಳಿತರು. ಅಷ್ಟರಲ್ಲಿ ನಾದಿನಿಯ ಮಗ ಮೊಬೈಲ್‌ನಲ್ಲಿ ನನ್ನ ಹೆಸರನ್ನು ಒತ್ತಿ, 'ಅತ್ತೆ, ಇವರು ಯಾರು?' ಎಂದ.

ಬಣ್ಣದ ದೀಪಗಳ ನಡುವೆ ನಿಂತ ಇಪ್ಪತ್ತರ ಹುಡುಗಿಯ ಚಿತ್ರ. ಕೆಳಗೆ ಎಂಟು ಹಿಂದಿ ಕುಣಿತದ ಹಾಡುಗಳು. ಎಲ್ಲಕ್ಕಿಂತ ಮೇಲೆ, ಹೊಸ ಬಿಡುಗಡೆ ಎಂದು ನನ್ನ ವಚನ! ಮಕ್ಕಳಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕಳು. ಅತ್ತೆಯವರು 'ಏನಾಯಿತಮ್ಮಾ?' ಎಂದು ಕೇಳಿದರು. 'ಏನಿಲ್ಲ ಅತ್ತೆ, ನೆಟ್‌ವರ್ಕ್ ತೊಂದರೆ' ಎಂದುಬಿಟ್ಟೆ. ಹಿರಿಯರ ಮುಂದೆ ಸುಳ್ಳು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ. ಅಡುಗೆಮನೆಗೆ ಹೋಗಿ ವಾಟ್ಸ್‌ಆ್ಯಪ್ ತೆರೆದೆ. ನಾನು ಲಿಂಕ್ ಕಳುಹಿಸಿದ ಸಂದೇಶ ಹಾಗೆಯೇ ಇತ್ತು, ಪಕ್ಕದಲ್ಲಿ ಎರಡು ನೀಲಿ ಗುರುತು. ಓದಿದ್ದಾರೆ. ಓದಿಯೂ ಹಾಕಿಲ್ಲ.

ಆ ಹುಡುಗಿಯ ತಪ್ಪು ಏನೂ ಇಲ್ಲ. ಅವಳ ಪುಟದಲ್ಲಿ ನನ್ನ ಹಾಡು ಕಂಡು ಅವಳಿಗೂ ಗಾಬರಿಯಾಗಿರಬೇಕು.

ಏಜೆಂಟರ ಉತ್ತರಗಳನ್ನು ಕೇಳಿ. ಮೊದಲು, 'ಸಿಸ್ಟಮ್ ತಾನಾಗಿ ಮಾಡುತ್ತದೆ ಮೇಡಂ, ನಮ್ಮ ಕೈಯಲ್ಲಿಲ್ಲ.' ಹಣ ಕೊಡುವವರೆಗೆ ಅಕ್ಕ, ಕೊಟ್ಟ ಮೇಲೆ ಮೇಡಂ. ಅವರ ಕೈಯಲ್ಲಿಲ್ಲ ಎನ್ನುವುದು ಶುದ್ಧ ಸುಳ್ಳು. ಪ್ರತಿ ಕಲಾವಿದರ ಪುಟಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಲಿಂಕ್‌ನ ಕೊನೆಯಲ್ಲಿ ಇರುವುದೇ ಅದು. ಹಾಡು ಏರಿಸುವಾಗ ಈ ಕಲಾವಿದರಿಗೆ ಈಗಾಗಲೇ ಪುಟ ಇದೆಯೇ ಎಂದು ವಿತರಕರ ಫಾರ್ಮ್‌ನಲ್ಲೇ ಕೇಳುತ್ತಾರೆ. ಅದನ್ನು ತುಂಬದೆ ಬಿಟ್ಟರೆ ಹೆಸರು ನೋಡಿ ಯಾರದೋ ಪುಟಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ಹೊಸ ಪುಟವೇ ಹುಟ್ಟುತ್ತದೆ. ಅರ್ಧ ನಿಮಿಷದ ಕೆಲಸ. ಅದನ್ನೂ ಮಾಡಲಿಲ್ಲ.

ಆಮೇಲೆ, 'ಹೆಸರು ಅದೇ ಇದೆಯಲ್ಲ, ಹುಡುಕಿದರೆ ಹಾಡು ಸಿಗುತ್ತದೆ, ಇನ್ನೇನು ಬೇಕು?' ಈ ಮಾತು ಕೇಳಿ ಮೈ ಉರಿದುಹೋಯಿತು. ನನ್ನ ಪುಟವನ್ನು ಹಿಂಬಾಲಿಸುವವರು 212 ಜನ. ಒಬ್ಬೊಬ್ಬರೂ ನನ್ನ ದನಿ ಕೇಳಿ ಬಂದವರು. ಶುಕ್ರವಾರ ಸ್ಪಾಟಿಫೈನಿಂದ ಹಿಂಬಾಲಿಸುವವರಿಗೆ ಹೊಸ ಹಾಡುಗಳ ಪಟ್ಟಿ ಹೋಗುತ್ತದಲ್ಲ, ಅದರಲ್ಲಿ ಅವರಿಗೆ ನನ್ನ ವಚನ ಹೋಗಲೇ ಇಲ್ಲ. ಹೋದದ್ದು ಕುಣಿತದ ಹಾಡು ಕಾಯುತ್ತಿದ್ದವರಿಗೆ. ಅವರು ತಂಬೂರಿಯ ದನಿ ಕೇಳಿ ಮುಂದಕ್ಕೆ ಹಾರಿಸದೆ ಇನ್ನೇನು ಮಾಡುತ್ತಾರೆ?

'ದುಡ್ಡು ಹೇಗೂ ನಿಮಗೇ ಬರುತ್ತದೆ' ಎಂದೂ ಹೇಳಿದರು. ಹಣ ವಿತರಕರ ಖಾತೆಯ ಮೂಲಕ ಬರುತ್ತದೆ, ಪುಟ ಯಾರದು ಎಂದು ನೋಡಿ ಅಲ್ಲ, ಅದು ನಿಜ. ಆದರೆ 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಒಂದು ಪೈಸೆಯೂ ಇಲ್ಲ. ಕೇಳುವವರನ್ನೇ ತಪ್ಪಿಸಿದ ಮೇಲೆ ಯಾವ ದುಡ್ಡು?

ಕೊನೆಗೆ ಬಂದದ್ದು ಇದು: 'ಪ್ರೊಫೈಲ್ ಮ್ಯಾಪಿಂಗ್ ಬೇರೆ ಸೇವೆ ಮೇಡಂ, ಒಂದೊಂದು ಸ್ಟೋರ್‌ಗೆ 1,500.' ಅವರು ಕೆಡಿಸಿದ್ದನ್ನು ಅವರೇ ಸರಿಮಾಡಲು ನಾನು ಮತ್ತೆ ಹಣ ಕೊಡಬೇಕಂತೆ. ಕೊಡಲಿಲ್ಲ.

ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿಕೊಟ್ಟಂತೆ, ಹಾಡು ತಪ್ಪು ಪುಟದಲ್ಲಿದೆ ಎಂದು ಸ್ಪಾಟಿಫೈಗೆ ನಾನೇ ದೂರು ಕಳುಹಿಸಿದೆ. ಶುಲ್ಕ ಇಲ್ಲ. ಐದನೆಯ ದಿನ ಎರಡೂ ಹಾಡುಗಳು ನನ್ನ ಪುಟಕ್ಕೆ ಬಂದವು. ಶುಲ್ಕವೇ ಇಲ್ಲದ ಕೆಲಸಕ್ಕೆ 1,500 ಕೇಳಿದ್ದರು! ಆದರೆ ಯೂಟ್ಯೂಬ್‌ನಲ್ಲಿ ಕಲಾವಿದರ ಹೆಸರಿನಲ್ಲಿ ತಾನಾಗಿ ಹುಟ್ಟುವ ಟಾಪಿಕ್ ಚಾನೆಲ್ ಇದೆಯಲ್ಲ, ಅಲ್ಲಿ ಇನ್ನೂ ಆ ಹುಡುಗಿಯ ಹಾಡುಗಳ ನಡುವೆಯೇ ಇವೆ.

ಹಣ ಕೊಡುವ ಮೊದಲು ನಿಮ್ಮ ಪುಟದ ಲಿಂಕ್ ತುಂಬಿದ ಫಾರ್ಮ್‌ನ ಚಿತ್ರ ಕೇಳಿ. ಹೆಸರಿನ ಇಂಗ್ಲಿಷ್ ಕಾಗುಣಿತ ಹಳೆಯ ಹಾಡುಗಳಲ್ಲಿ ಇದ್ದಂತೆಯೇ ಇದೆಯೇ ನೋಡಿ. ಬಿಡುಗಡೆಗೆ ವಾರ ಮುಂಚೆ ನಿಮ್ಮ ಪುಟದ ಪಟ್ಟಿಯಲ್ಲಿ ಹಾಡು ಕಾಣದಿದ್ದರೆ ದಿನಾಂಕ ಮುಂದೂಡಿಸಿ, ಯಾರ ಸಮಾಧಾನದ ಮಾತನ್ನೂ ಕೇಳಬೇಡಿ. ಐಎಸ್‌ಆರ್‌ಸಿ ಎಂಬ, ಪ್ರತಿ ರೆಕಾರ್ಡಿಂಗ್‌ಗೂ ಇರುವ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮುಂದೆ ವಿತರಕರನ್ನು ಬದಲಿಸಿದರೆ ಹಾಡು ಅದೇ ಎಂದು ಗುರುತು ಹಿಡಿಯುವುದು ಅದರಿಂದಲೇ.

ನನ್ನ ಎರಡು ಹಾಡುಗಳ ಆ ಸಂಖ್ಯೆ ಕೇಳಿದರೆ 'ಅದು ಕಂಪನಿಯ ಗೌಪ್ಯ ಮಾಹಿತಿ' ಎನ್ನುತ್ತಾರೆ. ನಾನು ರಾಗ ಹಾಕಿ, ನಾನು ಹಾಡಿ, ನಾನು ಹಣ ಕೊಟ್ಟ ಹಾಡಿನ ಗುರುತು ನನಗೇ ಗೌಪ್ಯವಂತೆ! ಇವತ್ತು ಬೆಳಿಗ್ಗೆಯೂ ಕೇಳಿದ್ದೇನೆ. ಎರಡು ನೀಲಿ ಗುರುತು ಬಿದ್ದಿವೆ. ಉತ್ತರ ಬಂದಿಲ್ಲ.